ಯಂತ್ರವಿದ್ಯೆಯೂ ನಮ್ಮ ಹೆಣ್ಣುಮಕ್ಕಳೂ

ಗಣಕಯಂತ್ರವಿದ್ಯೆಯೂ ರೋಬೋಟ್ ನಿರ್ಮಾಣವೂ ಹೆಣ್ಣುಮಕ್ಕಳಿಗೆ ತಕ್ಕವಲ್ಲವೆಂದು ಕೆಲವು ತಾಯಿತಂದೆಗಳು ಈಗಲೂ ಹೇಳುವುದುಂಟು. ನಾವು ಇದನ್ನು ಒಪ್ಪಲಾರೆವು. ರಾಜೇಶ್ವರಿ ಚಟರ್ಜಿಯವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನು ಕಲಿತು, ಆ ತಳಹದಿಯ ಮೇಲೆಯೇ ಇಂಜಿನಿಯರಾಗಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕಿಯಾದರು. ರೋಬೋಟಿನ ಕೈಯನ್ನು ನಡೆಸುವುದೂ ಗಣಿತವೇ.

ಪಿ.ಯು.ಸಿ.ಯ ಎರಡು ವರ್ಷ ಭೌತಶಾಸ್ತ್ರ, ಗಣಿತಗಳನ್ನು ಓದಿದವರಿಗೆ ಪ್ರವೇಶ ಪರೀಕ್ಷೆಯ ದಾರಿಯುಂಟು. ಹತ್ತನೆಯ ತರಗತಿಯ ಬಳಿಕ ಮೂರು ವರ್ಷದ ಡಿಪ್ಲೊಮಾ ಮುಗಿಸಿದವರು ಅಂತಹುದೇ ಪರೀಕ್ಷೆಯ ಮೂಲಕ ಎರಡನೆಯ ವರ್ಷಕ್ಕೇ ಸೇರಬಹುದು. ಹಾಸನದ ಮಲೆನಾಡು ಇಂಜಿನಿಯರಿಂಗ್ ಕಾಲೇಜು 1960ರಿಂದಲೂ ಇದೆ. ಅರಸೀಕೆರೆಯಿಂದ ಅಲ್ಲಿಗೆ ರೈಲೂ ಉಂಟು.

ಆದುದರಿಂದ, ಕಷ್ಟವೆಂದು ಗಣಿತವನ್ನು ಬಿಡಿಸಬೇಡಿರಿ. ಹದಿನಾರನೆಯ ವಯಸ್ಸಿನಲ್ಲಿ ಮುಚ್ಚಿದ ಬಾಗಿಲನ್ನು ತರುವಾಯ ತೆರೆಯುವುದು ಬಹು ಪ್ರಯಾಸ. ತಾಯಂದಿರಾಗಿರುವ ಹಳೆಯ ವಿದ್ಯಾರ್ಥಿನಿಯರೇ, ಮನೆಯಲ್ಲಿ ಮಗಳ ಪರವಾಗಿ ಮಾತಾಡತಕ್ಕವರು ನೀವೇ.