ಕಿವಿಯಲ್ಲ, ಅದು ಮೂಗು!

ಬೆಳ್ಳಗೆ ಉಣ್ಣೆಯುಂಡೆಯ ಹಾಗಿದೆ. ಮೈತುಂಬ ಎಳ್ಳು ಉದುರಿಸಿದಂತೆ ಕಪ್ಪು ಚುಕ್ಕಿ. ಮುಂದೆ ನೆಟ್ಟಗೆ ನಿಂತ ಎರಡು ಪುಟ್ಟ ಕಿವಿ, ಹಿಂದೆ ಕುಚ್ಚಿನಂಥ ಬಾಲ. ಸಮುದ್ರದ ತಳದಲ್ಲಿ ಮೆಲ್ಲಗೆ ತೆವಳುತ್ತ ಹೋಗುವ ಈ ‘ಮೊಲ’ದ ವಿಡಿಯೊವನ್ನು ನಿಮ್ಮಲ್ಲಿ ಹಲವರು ಮೊಬೈಲಿನಲ್ಲಿ ನೋಡಿರುತ್ತೀರಿ. ನಮ್ಮ ಪಕ್ಕದ ಮನೆಯ ಆರನೇ ತರಗತಿಯ ಹುಡುಗಿ ನನಗೂ ತೋರಿಸಿ, “ಇದನ್ನು ಗಾಜಿನ ತೊಟ್ಟಿಯಲ್ಲಿ ಸಾಕಬಹುದಾ?” ಎಂದು ಕೇಳಿದಳು. ಸಾಕುವ ಮಾತು ಆಮೇಲೆ. ಮೊದಲು ಇದು ಏನು ಎಂದು ತಿಳಿಯೋಣ.

ಇದು ಮೊಲವಲ್ಲ, ಮೀನೂ ಅಲ್ಲ. ಮಳೆಗಾಲದಲ್ಲಿ ಅಂಗಳದ ಗೋಡೆ ಹತ್ತುವ ಬಸವನಹುಳುವಿನ ದೂರದ ನೆಂಟ. ಚಿಪ್ಪು ಮಾತ್ರ ಇಲ್ಲ. ಮೊಟ್ಟೆಯೊಡೆದು ಬಂದ ಮರಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಚಿಪ್ಪು ಇರುತ್ತದೆ. ಕೆಲಕಾಲ ನೀರಿನಲ್ಲಿ ತೇಲಿದ ಮೇಲೆ ಅದನ್ನು ಕಳಚಿ ತಳಕ್ಕಿಳಿಯುತ್ತದೆ. ಇಂಥವನ್ನು ಕಡಲ ಗೊಂಡೆಹುಳು ಎನ್ನೋಣ. ಈ ಜಾತಿಯ ಹೆಸರು ಜೋರುನ್ನಾ ಪಾರ್ವಾ. ‘ಪಾರ್ವಾ’ ಎಂದರೆ ಲ್ಯಾಟಿನ್ನಿನಲ್ಲಿ ಚಿಕ್ಕದು. ಹೆಸರಿಗೆ ತಕ್ಕ ಹಾಗೆ ಉದ್ದ 2.5 ಸೆಂಟಿಮೀಟರಿಗಿಂತಲೂ ಕಡಿಮೆ. ನಿಮ್ಮ ಹೆಬ್ಬೆರಳಿನ ಉಗುರಿನ ಮೇಲೆ ಕೂರಿಸಬಹುದು!

ಈಗ ಆ ‘ಕಿವಿ’ಗಳನ್ನು ನೋಡಿ. ಅವು ಕೇಳುವ ಅಂಗಗಳೇ ಅಲ್ಲ, ವಾಸನೆ ಹಿಡಿಯುವ ಕೊಂಬುಗಳು. ಇವಕ್ಕೆ ರೈನೋಫೋರ್ ಎನ್ನುತ್ತಾರೆ. ಹತ್ತಿರದಿಂದ ನೋಡಿದರೆ ಪುಸ್ತಕದ ಹಾಳೆಗಳಂತೆ ಪದರ ಪದರವಾಗಿರುತ್ತವೆ. ಪದರ ಹೆಚ್ಚಿದಷ್ಟೂ ನೀರು ತಾಗುವ ಜಾಗ ಹೆಚ್ಚು. ಊಟ ಎಲ್ಲಿದೆ, ಜೊತೆಗಾರ ಎಲ್ಲಿದ್ದಾನೆ ಎಂಬುದು ನೀರಿನಲ್ಲಿ ಕರಗಿ ಬರುವ ವಾಸನೆಯಿಂದಲೇ ಇದಕ್ಕೆ ತಿಳಿಯಬೇಕು. ಏಕೆಂದರೆ ಕಣ್ಣುಗಳು ಚರ್ಮದ ಒಳಗೆ ಹುದುಗಿದ ಎರಡು ಚುಕ್ಕಿಗಳಷ್ಟೇ. ಬೆಳಕು, ಕತ್ತಲೆ ಬಿಟ್ಟರೆ ಹೆಚ್ಚೇನೂ ಕಾಣದು. ಅಪಾಯ ಬಂದರೆ ಮೂಗನ್ನೇ ಒಳಗೆ ಎಳೆದುಕೊಂಡುಬಿಡುತ್ತದೆ.

ಹಾಗಾದರೆ ಬಾಲ? ಅದು ಕಿವಿರು. ಮೀನಿನ ಕಿವಿರು ಮುಚ್ಚಳದ ಕೆಳಗಿರುತ್ತದೆ. ಇದರದ್ದು ಬೆನ್ನ ಹಿಂಭಾಗದಲ್ಲಿ ಹೂವಿನಂತೆ ಬಿಚ್ಚಿಕೊಂಡಿರುತ್ತದೆ. ಅದಕ್ಕೇ ಈ ಬಳಗಕ್ಕೆ ನ್ಯೂಡಿಬ್ರಾಂಕ್, ಅಂದರೆ ಬೆತ್ತಲೆ ಕಿವಿರಿನದು, ಎಂಬ ಹೆಸರು. ಇನ್ನೊಂದು ಸಂಗತಿ ಹೇಳುತ್ತೇನೆ, ಗಟ್ಟಿಯಾಗಿ ಓದಿ ಹೇಳುತ್ತಿರುವ ಅಜ್ಜಂದಿರು ಬೇಕಾದರೆ ಸಾಲು ಹಾರಿಸಿ. ಆ ಕಿವಿರಿನ ಹೂವಿನ ನಟ್ಟನಡುವೆಯೇ ಇದರ ಮಲದ್ವಾರ!

ತುಪ್ಪಳದ ಕಥೆ ಇನ್ನೂ ಸೊಗಸು. ಅಲ್ಲಿ ಒಂದೇ ಒಂದು ಕೂದಲಿಲ್ಲ. ಬೆನ್ನ ಮೇಲೆ ಸಾವಿರಾರು ಪುಟ್ಟ ಗುಬುಟುಗಳಿವೆ. ಒಂದೊಂದು ಗುಬುಟಿನ ಸುತ್ತಲೂ ಸುಣ್ಣದಂಥ ಪದಾರ್ಥದಿಂದಾದ ಸೂಕ್ಷ್ಮ ಸೂಜಿಗಳ ಬೇಲಿ. ಇವು ಸುತ್ತಲಿನದನ್ನು ಮುಟ್ಟಿ ಅರಿಯಲು ನೆರವಾಗುತ್ತವೆ ಎಂದು ತಜ್ಞರು ಭಾವಿಸುತ್ತಾರೆ. ಒತ್ತೊತ್ತಾಗಿರುವುದರಿಂದ ನಮ್ಮ ಕಣ್ಣಿಗೆ ಉಣ್ಣೆಯಂತೆ ಕಾಣುತ್ತವೆ. ಅವುಗಳ ನಡುವೆ ಅಲ್ಲಲ್ಲಿ ತುಸು ಎದ್ದು ನಿಂತ ಕಪ್ಪು ಗುಬುಟುಗಳೇ ಆ ಎಳ್ಳುಕಾಳು.

ಗುರುತು ಹಿಡಿಯುವವರು ನೆಚ್ಚುವುದು ಇಂಥ ಗುಬುಟುಗಳನ್ನು. ಬಣ್ಣವನ್ನು ನಂಬಿದರೆ ಕೆಟ್ಟೆವು. ಈ ಹುಳು ಬಿಳಿಯಷ್ಟೇ ಅಲ್ಲ, ಹಳದಿ, ಕಂದು ಬಣ್ಣಗಳಲ್ಲೂ ಸಿಗುತ್ತದೆ. ಜಪಾನಿನ ವಿಜ್ಞಾನಿ ಕಿಕುತಾರೊ ಬಾಬಾ 1938ರಲ್ಲಿ ಇದನ್ನು ಮೊದಲು ವಿವರಿಸಿದಾಗ ತೋರ್ಡಿಸಾ ಎಂಬ ಬೇರೆ ಕುಲಕ್ಕೆ ಸೇರಿಸಿದ್ದರು. ಅದು ಜೋರುನ್ನಾ ಕುಲಕ್ಕೆ ಬಂದದ್ದು ಆಮೇಲೆ. ಒಂದೇ ಹೆಸರಿನಡಿ ಒಂದಕ್ಕಿಂತ ಹೆಚ್ಚು ಜಾತಿಗಳು ಸೇರಿಕೊಂಡಿರಬಹುದು ಎಂಬ ಅನುಮಾನ ಇಂದಿಗೂ ಇದೆ. 2015ರಲ್ಲಿ ಜಪಾನಿನಿಂದ ಇದರ ಚಿತ್ರಗಳು ಜಗತ್ತಿಗೆಲ್ಲ ಹರಡಿದ ಮೇಲೆ ಲಕ್ಷಾಂತರ ಜನ ಇದನ್ನು ನೋಡಿದ್ದಾರೆ. ನೋಡಿದವರೆಲ್ಲ ಹೇಳಿದ್ದು ಮೊಲ ಅಂತಲೇ.

ಅಂದಹಾಗೆ, ರೋಮನ್ನರ ಕಾಲದಿಂದಲೂ ‘ಕಡಲ ಮೊಲ’ ಎನ್ನಿಸಿಕೊಂಡ ಹುಳು ಬೇರೆಯೇ ಇದೆ. ಅದು ಅಪ್ಲೀಸಿಯಾ. ಗಾತ್ರದಲ್ಲಿ ಬಹಳ ದೊಡ್ಡದು, ಕಡಲಪಾಚಿ ತಿನ್ನುತ್ತದೆ, ಕೆಣಕಿದರೆ ನೇರಳೆ ಶಾಯಿ ಕಾರುತ್ತದೆ. ಎರಡನ್ನೂ ಒಂದೇ ಎಂದುಕೊಳ್ಳಬೇಡಿ.

ಇನ್ನು ಸಾಕುವ ಮಾತು. ಬೇಡ ಎಂದೇ ಹೇಳುತ್ತೇನೆ. ಇದು ತಿನ್ನುವುದು ಸ್ಪಂಜನ್ನು. ನಾವು ಪಾತ್ರೆ ತೊಳೆಯುವುದನ್ನಲ್ಲ, ಕಡಲಬಂಡೆಗೆ ಅಂಟಿಕೊಂಡು ಬದುಕುವ ಸ್ಪಂಜು ಪ್ರಾಣಿಯನ್ನು. ಅದರಲ್ಲೂ ತನಗೆ ಒಗ್ಗಿದ ಸ್ಪಂಜೇ ಆಗಬೇಕು. ಆ ಸ್ಪಂಜನ್ನು ತೊಟ್ಟಿಯಲ್ಲಿ ಬದುಕಿಸುವುದು ಬಲು ಕಷ್ಟ. ಅಂಗಡಿಯ ಮೀನಿನ ಕಾಳು ಹಾಕಿದರೆ ಅದು ಮೂಸಿಯೂ ನೋಡದು. ಚೆಂದ ಕಂಡಿತೆಂದು ತಂದವರ ಮನೆಯಲ್ಲಿ ಅದು ಹಸಿವಿನಿಂದ ಸಾಯುತ್ತದೆ.

ಸ್ಪಂಜಿನಲ್ಲಿ ವಿಷವೂ ಇರುತ್ತದೆ. ಜೋರುನ್ನಾ ಬಳಗದ ಹುಳುಗಳು ಅದನ್ನು ಅರಗಿಸಿಕೊಂಡು ತಮ್ಮ ಮೈಯ ಕಾವಲಿಗೆ ಬಳಸುತ್ತವೆ. ಚಿಪ್ಪು ಬಿಟ್ಟವರಿಗೆ ಏನಾದರೊಂದು ರಕ್ಷಣೆ ಬೇಕಲ್ಲ! ಭಾರತದ ಸಮುದ್ರದಲ್ಲೂ ಈ ಬಳಗದವರಿದ್ದಾರೆ. ಜೋರುನ್ನಾ ಫ್ಯೂನೆಬ್ರಿಸ್ ಲಕ್ಷದ್ವೀಪದಲ್ಲಿ, ಅಂಡಮಾನಿನಲ್ಲಿ ಕಾಣಸಿಗುತ್ತದೆ. ಬಿಳಿ ಮೈ ಮೇಲೆ ಕಪ್ಪು ಉಂಗುರಗಳು. ಅದನ್ನು 1859ರಲ್ಲಿ ಶ್ರೀಲಂಕಾದ ವೈದ್ಯ ಕೆಲಾರ್ಟ್ ವಿವರಿಸಿದರು. ಕಪ್ಪು ಬಿಳುಪು ಕಂಡು ಶೋಕದ ಉಡುಪು ನೆನಪಾಯಿತೋ ಏನೋ, ಇಟ್ಟ ಹೆಸರಿನ ಅರ್ಥವೇ ‘ಶವಸಂಸ್ಕಾರದ್ದು’. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಮತ್ತು ಇಟಲಿಯ ವಿಜ್ಞಾನಿಗಳು ಸೇರಿ 2000ರಲ್ಲಿ ಇದೇ ಹುಳುವಿನಿಂದ ಜೋರುಮೈಸಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದು ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಕಣಗಳನ್ನು ಕೊಲ್ಲುತ್ತದೆ. ಈಗ ರಸಾಯನವಿಜ್ಞಾನಿಗಳು ಅದನ್ನು ಹುಳುವಿಲ್ಲದೆಯೇ ತಯಾರಿಸಲು ಕಲಿತಿದ್ದಾರೆ.