ಮಳೆ ಬಾರದ ವರ್ಷದ ಪ್ರಾರ್ಥನೆ

ಬೇಸರಗೊಳ್ಳದೆ ಸದಾ ಪ್ರಾರ್ಥಿಸಬೇಕೆಂದು ಪ್ರಭು ಯೇಸು ಕಲಿಸಿದರು. ಈ ಬೋಧನೆಯನ್ನು ನಾವೆಲ್ಲ ದೇವಾಲಯದಲ್ಲಿ ಹಲವು ಬಾರಿ ಕೇಳಿದ್ದೇವೆ. ಆದರೆ ಕೊಳವೆಬಾವಿ ಬತ್ತಿದ, ಸಾಲದ ನೋಟಿಸು ಬಂದ ಮನೆಯಲ್ಲಿ ಅದೇ ಮಾತನ್ನು ಕೇಳಿದರೆ ಬೇರೆಯೇ ಪ್ರಶ್ನೆ ಏಳುತ್ತದೆ. ಎಷ್ಟು ದಿನ ಕೇಳಬೇಕು? ಕೇಳಿಯೂ ಸಿಗದಿದ್ದರೆ ತಪ್ಪು ಯಾರದು? ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ರೈತರಿಗೆ 2023ರ ಬರಗಾಲ ಇದೇ ಪ್ರಶ್ನೆಯನ್ನು ಮುಂದಿಟ್ಟಿತು. ಬರ ಮುಗಿದಿದೆ, ಪ್ರಶ್ನೆ ಉಳಿದಿದೆ.

2007ರಲ್ಲಿ ಈ ನಾಲ್ಕು ತಾಲ್ಲೂಕುಗಳನ್ನು ಸೇರಿಸಿ ರಾಮನಗರ ಜಿಲ್ಲೆಯನ್ನು ರಚಿಸಲಾಯಿತು. 2025ರಲ್ಲಿ ರಾಜ್ಯ ಸರ್ಕಾರ ಅದಕ್ಕೆ ಬೆಂಗಳೂರು ದಕ್ಷಿಣ ಎಂಬ ಹೊಸ ಹೆಸರು ಕೊಟ್ಟಿತು. ಮಳೆಗಾಲವೆಂದರೆ ಮಳೆ ಬಂದೇ ಬರುತ್ತದೆ ಎಂದು ನಂಬಿರುವ ನಮ್ಮ ಕರಾವಳಿಯವರಿಗೆ ಅಲ್ಲಿನ ಬದುಕು ಸುಲಭವಾಗಿ ಅರ್ಥವಾಗದು. ರಾಗಿ ಮಳೆಯನ್ನು ನಂಬಿದ ಬೆಳೆ. ರೇಷ್ಮೆ ಹಿಪ್ಪುನೇರಳೆ ಸೊಪ್ಪನ್ನು ನಂಬಿದ ಕಸುಬು, ಸೊಪ್ಪಿಗೆ ಕೊಳವೆಬಾವಿಯ ನೀರೇ ಆಧಾರ. ನಾಲ್ಕು ಜ್ವರ ಕಳೆದ ಹುಳು ಗೂಡು ಕಟ್ಟುವ ಮೊದಲು ಹಗಲಿರುಳು ಸೊಪ್ಪು ತಿನ್ನುತ್ತದೆ. ಆ ಕೊನೆಯ ವಾರದಲ್ಲಿ ನೀರು ನಿಂತು ತೋಟ ಒಣಗಿದರೆ ತಿಂಗಳ ದುಡಿಮೆಯೇ ಹಾಳು. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರಾಮನಗರದ ಗೂಡಿನ ಮಾರುಕಟ್ಟೆಗೆ ಒಯ್ಯಲು ಗೂಡೇ ಇರುವುದಿಲ್ಲ.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಇಂಥ ವರ್ಷಗಳಲ್ಲಿ ಜನ ದೇವರ ಕಡೆ ತಿರುಗುವುದು ಹೊಸತಲ್ಲ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಮಕ್ಕಳು ಮಳೆರಾಯನನ್ನು ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗುತ್ತಾರೆ. 2019ರ ಜೂನ್‌ನಲ್ಲಿ ಮುಜರಾಯಿ ಇಲಾಖೆಯೇ ತನ್ನ ದೇವಾಲಯಗಳಲ್ಲಿ ಪರ್ಜನ್ಯ ಜಪ ನಡೆಸಲು ಸೂಚಿಸಿತ್ತು. ಕ್ರೈಸ್ತರು ಜಪಸರ ಹಿಡಿಯುತ್ತಾರೆ, ಬಲಿಪೂಜೆಯಲ್ಲಿ ಮಳೆಗಾಗಿ ಬೇಡುತ್ತಾರೆ.

ಕನಕಪುರ ತಾಲ್ಲೂಕಿನ ಹಾರೋಬೆಲೆ, ಬೆಂಗಳೂರು ಮಹಾಧರ್ಮಕ್ಷೇತ್ರದ ಹಳೆಯ ಕಥೊಲಿಕ ಊರುಗಳಲ್ಲಿ ಒಂದು. ಅರ್ಕಾವತಿ ನದಿಗೆ ಕಟ್ಟಿದ ಅಣೆಕಟ್ಟು ಇರುವುದೂ ಅಲ್ಲೇ. ಊರಿನ ಪಕ್ಕದ ಕಪಾಲಬೆಟ್ಟಕ್ಕೆ ಕಲ್ವಾರಿಯ ಹೆಸರನ್ನೇ ಇಡಲಾಗಿದೆ, ಕಪಾಲವೆಂದರೆ ತಲೆಬುರುಡೆ ತಾನೇ. 2019ರ ಕ್ರಿಸ್ತಜಯಂತಿಯಂದು ಅಲ್ಲಿ 114 ಅಡಿ ಎತ್ತರದ ಯೇಸುವಿನ ಪ್ರತಿಮೆಗೆ ಶಂಕುಸ್ಥಾಪನೆ ನಡೆಯಿತು. 2020ರ ಜನವರಿ 13ರಂದು ಅದನ್ನು ವಿರೋಧಿಸಿ ಕನಕಪುರದಲ್ಲಿ ದೊಡ್ಡ ಮೆರವಣಿಗೆಯಾಯಿತು. ಬೆಟ್ಟದ ಹೆಸರು ರಾಜ್ಯಕ್ಕೆಲ್ಲ ತಿಳಿದದ್ದು ಆಗ. ಆದರೆ ಪ್ರಾರ್ಥಿಸಲು ಜನ ಆ ಬೆಟ್ಟ ಹತ್ತುತ್ತಿದ್ದುದು ಈ ವಿವಾದಕ್ಕಿಂತ ಹಳೆಯ ವಾಡಿಕೆ. ಪ್ರತಿಮೆಯ ಎತ್ತರವನ್ನು ಅಳೆದವರು ಬಹಳ ಮಂದಿ. ಬರಿಗಾಲಲ್ಲಿ ಬೆಟ್ಟ ಹತ್ತಿದವರು ಏನನ್ನು ಬೇಡಿಕೊಂಡರೆಂದು ಕೇಳಿದವರು ಕಡಿಮೆ.

ಬರಗಾಲದ ಪ್ರಾರ್ಥನೆಗೆ ಪವಿತ್ರ ಗ್ರಂಥದಲ್ಲಿರುವ ಮಾದರಿ ಪ್ರವಾದಿ ಎಲೀಯ. ಅರಸರ ಮೊದಲನೆಯ ಗ್ರಂಥದ 18ನೇ ಅಧ್ಯಾಯದಲ್ಲಿ ಅವನು ಕರ್ಮೆಲ್ ಬೆಟ್ಟದ ಮೇಲೆ ಮೊಣಕಾಲ ನಡುವೆ ಮುಖವಿಟ್ಟು ಕೂರುತ್ತಾನೆ. ಸೇವಕನನ್ನು ಕಡಲ ಕಡೆ ನೋಡಿ ಬರಲು ಕಳಿಸುತ್ತಾನೆ. ಏನೂ ಇಲ್ಲ ಎಂಬ ಉತ್ತರ ಬಂದರೆ ಮತ್ತೆ ಕಳಿಸುತ್ತಾನೆ. ಏಳನೆಯ ಸಲ ಅಂಗೈಯಷ್ಟು ಮೋಡ ಕಾಣುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಎಲೀಯ ಪ್ರಾರ್ಥಿಸುತ್ತಾ ಕಣ್ಣು ಮುಚ್ಚಿಕೊಂಡು ಬಿಡಲಿಲ್ಲ, ಹೋಗಿ ನೋಡು ಎಂದೂ ಹೇಳಿದ. ಬೇಡುವುದು ಮತ್ತು ಎದ್ದು ಹೋಗಿ ನೋಡುವುದು ಅವನಿಗೆ ಒಂದೇ ಕೆಲಸದ ಎರಡು ಭಾಗಗಳಾಗಿದ್ದವು. ಶಿಂಷಾ ನದಿಯ ಇಗ್ಗಲೂರು ಬ್ಯಾರೇಜಿನಿಂದ ನೀರೆತ್ತಿ ಚನ್ನಪಟ್ಟಣದ ಕೆರೆಗಳನ್ನು ತುಂಬಿಸಿದ್ದನ್ನು ಕಂಡ ರೈತರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಲೂಕನ ಶುಭಸಂದೇಶದ 18ನೇ ಅಧ್ಯಾಯದ ವಿಧವೆಯೂ ಹಾಗೆಯೇ. ದೇವರಿಗೂ ಅಂಜದ, ಜನರಿಗೂ ಮರ್ಯಾದೆ ಕೊಡದ ನ್ಯಾಯಾಧೀಶನ ಬಾಗಿಲಿಗೆ ಅವಳು ಮತ್ತೆ ಮತ್ತೆ ಹೋಗುತ್ತಾಳೆ. ಅವಳು ಕೇಳಿದ್ದು ಭಿಕ್ಷೆಯಲ್ಲ, ನ್ಯಾಯ. ಬರ ಪರಿಹಾರಕ್ಕಾಗಿ ಕರ್ನಾಟಕ ಸರ್ಕಾರವೇ 18,171 ಕೋಟಿ ರೂಪಾಯಿ ಕೇಳಿ, ತಿಂಗಳುಗಟ್ಟಲೆ ಕಾದು, ಕೊನೆಗೆ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಬೇಕಾಯಿತು. ಏಪ್ರಿಲ್ ಕೊನೆಯಲ್ಲಿ ಸುಮಾರು 3,400 ಕೋಟಿ ಬಿಡುಗಡೆಯಾಯಿತು. ಸರ್ಕಾರದ ಪಾಡೇ ಇದಾದರೆ ಎರಡು ಎಕರೆಯ ರೈತ ತಾಲ್ಲೂಕು ಕಚೇರಿಗೆ ಎಷ್ಟು ಸಲ ಅಲೆಯಬೇಕು? ಅವನ ಕೈಯಲ್ಲಿರುವ ಅರ್ಜಿಯನ್ನು ಪ್ರಾರ್ಥನೆಗೆ ಹೊರಗಿನದೆಂದು ನಾವು ತಿಳಿಯಬಾರದು. ದೇವರು ಆ ನ್ಯಾಯಾಧೀಶನಂಥವರಲ್ಲ ಎಂಬ ನಂಬಿಕೆಯೇ ಅವನನ್ನು ಮತ್ತೊಮ್ಮೆ ಆ ಕಚೇರಿಯ ಮೆಟ್ಟಿಲು ಹತ್ತಿಸುತ್ತದೆ.

ಈಗ ಆ ಕಠಿಣ ಪ್ರಶ್ನೆಗೆ ಬರೋಣ. ಪ್ರಾರ್ಥಿಸಿದರೂ ಮಳೆ ಬರಲಿಲ್ಲ, ಬೆಳೆ ಹೋಯಿತು, ಸಾಲ ಉಳಿಯಿತು. ಆಗ ಕೆಲವರು ಬಹಳ ಸುಲಭವಾಗಿ, ನಿನ್ನ ನಂಬಿಕೆ ಸಾಲದು ಎಂದುಬಿಡುತ್ತಾರೆ. ಪವಾಡವನ್ನು ಹೀಗೆ ತೂಕಕ್ಕೆ ಹಾಕಿ ಮಾರುವ ಬೋಧನೆ ನೊಂದವರ ಮೇಲೆ ಇನ್ನೊಂದು ಸಾಲ ಹೊರಿಸುತ್ತದೆ. ಗೆತ್ಸೆಮನಿ ತೋಟದಲ್ಲಿ ಪ್ರಭು ಯೇಸು ಮೂರು ಸಲ ಪ್ರಾರ್ಥಿಸಿದರು, ಆದರೂ ಶಿಲುಬೆ ತಪ್ಪಲಿಲ್ಲ. ತನ್ನ ಮೈಯಲ್ಲಿ ನಾಟಿದ ಮುಳ್ಳನ್ನು ತೆಗೆಯಬೇಕೆಂದು ಸಂತ ಪೌಲರು ಮೂರು ಸಲ ಬೇಡಿದರು, ಮುಳ್ಳು ಉಳಿಯಿತು, ಅದನ್ನು ತಾಳಿಕೊಳ್ಳುವ ಕೃಪೆ ದೊರೆಯಿತು. ಇವರಿಗೆ ನಂಬಿಕೆ ಕಡಿಮೆಯಿತ್ತೆಂದು ಯಾರಾದರೂ ಹೇಳಿಯಾರೆ?

ಈ ಮಾತು ನಮ್ಮ ಕರಾವಳಿಯ ಕ್ರೈಸ್ತರಿಗೆ ಗೊತ್ತಿರಬೇಕು. ಚನ್ನಪಟ್ಟಣದಿಂದ ಮೈಸೂರಿನ ಕಡೆ ಸಾಗಿದರೆ ಶ್ರೀರಂಗಪಟ್ಟಣ ಸಿಗುತ್ತದೆ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಸೆರೆಯಾದ ನಮ್ಮ ಪೂರ್ವಜರನ್ನು ಕರೆದೊಯ್ದದ್ದು ಅಲ್ಲಿಗೆ. ಎಷ್ಟು ಮಂದಿ ಎಂಬುದರಲ್ಲಿ ಇತಿಹಾಸಕಾರರಿಗೆ ಏಕಾಭಿಪ್ರಾಯವಿಲ್ಲ. ಆದರೆ ಬಿಡುಗಡೆ ಬಂದದ್ದು 1799ರಲ್ಲಿ, ಹದಿನೈದು ವರ್ಷಗಳ ಬಳಿಕ. ಹಲವರು ದಾರಿಯಲ್ಲೇ, ಹಲವರು ಸೆರೆಯಲ್ಲೇ ತೀರಿಕೊಂಡರು. ಅವರ ಪ್ರಾರ್ಥನೆ ದೇವರಿಗೆ ಮುಟ್ಟಲಿಲ್ಲವೆಂದು ನಾವು ಎಂದೂ ಹೇಳಿಲ್ಲ. ಹಿಂತಿರುಗಿ ಬಂದವರು ಕೆಡವಿದ್ದ ದೇವಾಲಯಗಳನ್ನು ಮತ್ತೆ ಕಟ್ಟಿದರು. ನಮ್ಮವರಿಗೆ ತೋರುವ ಈ ಗೌರವವನ್ನೇ ಕನಕಪುರದ, ಮಾಗಡಿಯ ಸಾಲಗಾರ ರೈತನಿಗೂ ತೋರಬೇಡವೇ?

ಹಾಗಾದರೆ ಬಿಡದ ಪ್ರಾರ್ಥನೆಯ ಫಲವೇನು? ದೇವರ ಮನಸ್ಸನ್ನು ದಣಿಸಿ ಒಲಿಸುವುದು ಅದರ ಉದ್ದೇಶವಲ್ಲ. ಕಷ್ಟದಲ್ಲಿರುವವನು ಒಂಟಿಯಾಗದಂತೆ, ಕೈಚೆಲ್ಲಿ ಕೂರದಂತೆ ಅದು ಕಾಯುತ್ತದೆ. ಆದರೆ ಒಬ್ಬನೇ ಹಿಡಿದ ಜಪಸರ ಬೇಗ ಭಾರವಾಗುತ್ತದೆ. ಎಲೀಯನಿಗೂ ಒಬ್ಬ ಸೇವಕ ಬೇಕಾಯಿತು, ಏಳು ಸಲ ಹೋಗಿ ನೋಡಿ ಬರಲು.

ಮುಂದಿನ ಬರ ಬಂದಾಗ ನಮ್ಮ ಧರ್ಮಕೇಂದ್ರಗಳು ಮಳೆಗಾಗಿ ಪ್ರಾರ್ಥಿಸಲಿ, ತಪ್ಪದೆ ಪ್ರಾರ್ಥಿಸಲಿ. ಅದರ ಜೊತೆಗೆ ಸಾಲದ ನೋಟಿಸು ಬಂದ ಮನೆಗೆ ಇಬ್ಬರು ಹೋಗಿ ಕೂರಲಿ. ಪರಿಹಾರದ ಅರ್ಜಿ ಬರೆಯಲು ಓದುಬರಹ ಬಲ್ಲ ಯುವಕರು ನೆರವಾಗಲಿ. ಊರ ಕೆರೆಯ ಹೂಳೆತ್ತಲು ಎಲ್ಲ ಧರ್ಮದವರ ಜೊತೆ ಗುದ್ದಲಿ ಹಿಡಿಯಲಿ. ವಿಧವೆಯ ಸಾಮತಿಯ ಕೊನೆಯಲ್ಲಿ ಯೇಸು ತಾವೇ ಒಂದು ಪ್ರಶ್ನೆ ಕೇಳುತ್ತಾರೆ: ತಾವು ಮರಳಿ ಬರುವಾಗ ಭೂಮಿಯ ಮೇಲೆ ವಿಶ್ವಾಸ ಉಳಿದಿರುತ್ತದೆಯೇ ಎಂದು. ಅದಕ್ಕೆ ಉತ್ತರಿಸಬೇಕಾದವರು ಮಳೆಗಾಗಿ ಕಾದವರು ಮಾತ್ರವಲ್ಲ, ಅವರ ನೆರೆಯಲ್ಲಿರುವ ನಾವೂ ಹೌದು.