ಉತಾರದಾಗ ಹೊಲ ಇರತೈತೇನು?

ಸಿ ಭಾಷೆ ಕಲಿಯಲು ಕೂತ ಮಕ್ಕಳು ಮೊದಲ ಕೆಲವು ವಾರ ಚೆನ್ನಾಗಿಯೇ ಓಡುತ್ತಾರೆ. ಎರಡು ಅಂಕಿ ಕೂಡಿಸುವುದು, ಮಗ್ಗಿ ಬರೆಸುವುದು, ದೊಡ್ಡ ಸಂಖ್ಯೆ ಯಾವುದು ಎಂದು ಹುಡುಕಿಸುವುದು ಎಲ್ಲ ಬರುತ್ತದೆ. ಆಮೇಲೆ ಪಾಯಿಂಟರ್ ಎಂಬ ಪಾಠ ಬರುತ್ತದೆ, ಅರ್ಧ ತರಗತಿ ಅಲ್ಲೇ ಕುಸಿದು ಕೂರುತ್ತದೆ.

ನಮ್ಮ ಇಟ್ಟಂಗಿಹಾಳದಲ್ಲಿ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಾಲಿಟೆಕ್ನಿಕ್ ಸೇರಿದ ಹುಡುಗಿಯೊಬ್ಬಳಿದ್ದಾಳೆ. ಆ ಮನೆಯಿಂದ ಹೊರಗೆ ಕಲಿಯಲು ಹೋದವಳು ಇವಳೇ ಮೊದಲು. ದ್ರಾಕ್ಷಿ ಮಾರಿದ ದುಡ್ಡಿನಲ್ಲಿ ಅಜ್ಜ ಫೀ ಕಟ್ಟಿದ್ದರು. ರಜೆಗೆ ಬಂದವಳು ಕಿರುಪರೀಕ್ಷೆಯಲ್ಲಿ 3 ಅಂಕ ಬಂದ ಕಾಗದ ತೋರಿಸಿ, "ಕಂಪ್ಯೂಟರ್ ನನ್ನ ತಲಿಗೆ ಹತ್ತಂಗಿಲ್ಲರೀ ಮಾಸ್ತರ, ಬಿಟ್ಟ ಬಿಡತೀನಿ" ಎಂದಳು. ಕಾಗದ ನೋಡಿದರೆ ತಪ್ಪೆಲ್ಲ ಒಂದೇ ಜಾತಿಯದು. ವಸ್ತು ಬೇಕಾದಲ್ಲಿ ವಿಳಾಸ ಬರೆದಿದ್ದಳು, ವಿಳಾಸ ಬೇಕಾದಲ್ಲಿ ವಸ್ತು.

ಅಜ್ಜ ಪಕ್ಕದಲ್ಲೇ ಕೂತು ಕೇಳುತ್ತಿದ್ದರು. ನಾನು, "ಪಾಯಿಂಟರ್ ಅಂದರೆ ವಸ್ತು ಅಲ್ಲ, ಅದು ಇರುವ ಜಾಗದ ನಂಬರು" ಎಂದು ಹೇಳಿದ್ದೇ ತಡ, ಅವರು ನಕ್ಕರು.

"ಇಷ್ಟಕ್ಕ ಅಳತೀ ಏನವ್ವಾ? ಉತಾರದಾಗ ಹೊಲ ಇರತೈತೇನು? ಹೊಲದ ಸರ್ವೆ ನಂಬರ ಇರತೈತಿ. ಹೊಲ ಇದ್ದಲ್ಲೇ ಇರತೈತಿ."

ಮೂವತ್ತು ಪುಟದ ಪಾಠವನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ. ಹಾಗಾಗಿ ಈ ವಾರದ ಅಂಕಣ ಅವರ ಮಾತಿನ ಬೆನ್ನು ಹಿಡಿದೇ ಸಾಗುತ್ತದೆ. ಮಕ್ಕಳೇ, ಕಂಪ್ಯೂಟರ್ ಬೇಡ. ನಾಲ್ಕೈದು ಖಾಲಿ ಡಬ್ಬಿ, ಚೂರು ಕಾಗದ, ಒಂದು ಹಿಡಿ ಒಣದ್ರಾಕ್ಷಿ ಸಾಕು. ಅಜ್ಜ ಅಜ್ಜಿಯನ್ನೂ ಕೂರಿಸಿಕೊಳ್ಳಿ.

ಕಂಪ್ಯೂಟರಿನ ಮೆಮೊರಿ ಎಂದರೆ ಸಾಲಾಗಿ ಜೋಡಿಸಿದ ಪುಟ್ಟ ಪುಟ್ಟ ಗೂಡುಗಳು. ಪ್ರತಿ ಗೂಡಿಗೂ ಒಂದು ನಂಬರು. ಒಂದು ಡಬ್ಬಿಯ ಮೇಲೆ 1000 ಎಂದು ಬರೆದು ಒಳಗೆ 12 ಒಣದ್ರಾಕ್ಷಿ ಹಾಕಿ. ಒಂದು ಚೀಟಿಯ ಮೇಲೆ 1000 ಎಂದು ಬರೆಯಿರಿ. ಚೀಟಿಯಲ್ಲಿ ದ್ರಾಕ್ಷಿ ಇಲ್ಲ, ಅದು ಎಲ್ಲಿದೆ ಎಂಬ ಸುದ್ದಿ ಮಾತ್ರ ಇದೆ. ಆ ಚೀಟಿಯೇ ಪಾಯಿಂಟರ್. ಬರವಣಿಗೆಯಲ್ಲಿ ಅದು ಹೀಗಿರುತ್ತದೆ (ಓದಲು ಹಗುರವಾಗಲಿ ಎಂದು ಕನ್ನಡದಲ್ಲಿ ಬರೆದಿದ್ದೇನೆ, ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು):

ಇಂಟ್ ಡಬ್ಬಿ = 12;
ಇಂಟ್ *ಚೀಟಿ = &ಡಬ್ಬಿ;
*ಚೀಟಿ = 20;

& ಎಂಬ ಗುರುತನ್ನು "ಇದರ ವಿಳಾಸ" ಎಂದು ಓದಿ. * ಎಂಬ ನಕ್ಷತ್ರವನ್ನು "ಈ ವಿಳಾಸಕ್ಕೆ ಹೋಗಿ ನೋಡು" ಎಂದು ಓದಿ. ಮೂರನೆಯ ಸಾಲಿನಲ್ಲಿ ಡಬ್ಬಿಯ ಹೆಸರೇ ಇಲ್ಲ, ಆದರೂ ಡಬ್ಬಿಯೊಳಗೆ 20 ಆಗಿಬಿಟ್ಟಿತು. ಇದರಲ್ಲಿ ಮಾಟವೇನಿಲ್ಲ. ಬಿಜಾಪುರ ಎನ್ನುತ್ತಿದ್ದ ಊರು 2014ರ ನವೆಂಬರ್ 1ರಿಂದ ವಿಜಯಪುರವಾಯಿತು. ಯಾವ ಹೆಸರು ಹೇಳಿ ಬಸ್ ಹತ್ತಿದರೂ ಕಾಣುವ ಗೋಳಗುಮ್ಮಟ ಒಂದೇ. ಹಾಗೆಯೇ ಡಬ್ಬಿ ಎಂದರೂ *ಚೀಟಿ ಎಂದರೂ ಜಾಗ ಒಂದೇ.

ಹೊಸಬರು ಮುಗ್ಗರಿಸುವುದು ಎರಡನೆಯ ಸಾಲಿನಲ್ಲಿ. ಅಲ್ಲಿಯೂ ನಕ್ಷತ್ರವಿದೆ, ಆದರೆ ಅಲ್ಲಿ ಯಾರೂ ಎಲ್ಲಿಗೂ ಹೋಗುತ್ತಿಲ್ಲ. "ಚೀಟಿ ಎಂಬುದು ವಿಳಾಸ ಬರೆದಿಡುವ ಕಾಗದ" ಎಂದು ಘೋಷಿಸುತ್ತಿದ್ದೇವೆ, ಅಷ್ಟೇ. ಒಂದೇ ಗುರುತಿಗೆ ಎರಡು ಕೆಲಸ ಕೊಟ್ಟದ್ದು ಕಲಿಯುವವರಿಗೆ ತೊಡಕೇ ಸರಿ ಎಂದು ನನಗೆ ಈಗಲೂ ಅನಿಸುತ್ತದೆ. ಭಾಷೆ ಕಟ್ಟಿದ ಡೆನಿಸ್ ರಿಚಿ ಅವರ ಲೆಕ್ಕಾಚಾರ ಬೇರೆ ಇತ್ತು: ಮುಂದೆ ಹೇಗೆ ಬಳಸುತ್ತೀರೋ ಘೋಷಣೆಯೂ ಹಾಗೇ ಕಾಣಲಿ ಎಂದು. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸಿ ರೂಪುಗೊಂಡದ್ದು 1972ರ ಹೊತ್ತಿಗೆ. ಬ್ರಯಾನ್ ಕರ್ನಿಹಾನ್ ಜೊತೆ ರಿಚಿ ಬರೆದ ಪುಸ್ತಕ 1978ರಲ್ಲಿ ಬಂತು. ಅದರ ಐದನೆಯ ಅಧ್ಯಾಯ ಪೂರ್ತಿ ಪಾಯಿಂಟರಿಗೇ ಮೀಸಲು.

ಆ 1972ರಲ್ಲೇ, ಆಗಸ್ಟ್ 15ರಂದು, ನಮ್ಮ ದೇಶದಲ್ಲಿ ಪಿನ್ ಕೋಡ್ ಜಾರಿಗೆ ಬಂತು. ಅಜ್ಜಂದಿರಿಗೆ ನೆನಪಿರಬಹುದು. ವಿಜಯಪುರದ ಮುಖ್ಯ ಅಂಚೆ ಕಚೇರಿಗೆ 586101. ಅಂಚೆಯವರು ಕಾಗದವನ್ನು ಊರಿನ ಹೆಸರಿಗಿಂತ ನಂಬರು ನೋಡಿ ಬೇಗ ವಿಂಗಡಿಸುತ್ತಾರೆ. ಕಂಪ್ಯೂಟರೂ ಹಾಗೆಯೇ. ಹೆಸರು ನಮಗಾಗಿ, ಅದಕ್ಕೆ ಬೇಕಾದದ್ದು ನಂಬರು.

ನಿಜವಾದ ವಿಳಾಸವನ್ನು ಪರದೆಯ ಮೇಲೆ ಬರೆಸಿದರೆ ಅಂಕಿಗಳ ನಡುವೆ ಇಂಗ್ಲಿಷ್ ಅಕ್ಷರ ಕಾಣುತ್ತವೆ. ಹೆದರಬೇಡಿ, ಅದು ಹದಿನಾರರ ಲೆಕ್ಕ. 1957ಕ್ಕೆ ಮೊದಲು ರೂಪಾಯಿಗೆ 16 ಆಣೆ ಎಣಿಸಿದವರಿಗೆ ಇದೇನು ಹೊಸದಲ್ಲ. ಓಡಿಸಿದ ಪ್ರತಿ ಸಲವೂ ಬೇರೆ ವಿಳಾಸ ಬರಬಹುದು, ಅದೂ ತಪ್ಪಲ್ಲ.

ಇದೆಲ್ಲ ಯಾಕೆ ಬೇಕು, ಡಬ್ಬಿ ಎಂದು ಹೆಸರು ಹಿಡಿದೇ ಕರೆಯಬಹುದಲ್ಲ ಎಂದು ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಅದಕ್ಕೊಂದು ಆಟ ಆಡಿದೆವು. ಪಡಸಾಲೆಯಲ್ಲಿ ಎರಡು ಡಬ್ಬಿ, 1000ರಲ್ಲಿ 12 ದ್ರಾಕ್ಷಿ, 1004ರಲ್ಲಿ 20. ಅಜ್ಜಿ ಅಡುಗೆಮನೆಯಲ್ಲಿ. ಎರಡನ್ನೂ ಅದಲುಬದಲು ಮಾಡುವುದು ಅಜ್ಜಿಯ ಕೆಲಸ. ಸಿ ಭಾಷೆಯಲ್ಲಿ ಅಜ್ಜಿ ಒಂದು ಫಂಕ್ಷನ್. ಹುಡುಗಿ ಹೋಗಿ, "12 ಮತ್ತು 20" ಎಂದು ಹೇಳಿದಳು. ಅಜ್ಜಿ ಪಾಟಿಯ ಮೇಲೆ 12, 20 ಬರೆದು, ಅಳಿಸಿ, 20, 12 ಮಾಡಿ "ಆತು" ಎಂದರು. ಪಡಸಾಲೆಯ ಡಬ್ಬಿಗಳು ಇದ್ದ ಹಾಗೇ ಇದ್ದವು.

"ಉತಾರದ ಜೆರಾಕ್ಸ್ ಮ್ಯಾಲೆ ಗೀಚಿದಂಗಾತು. ಕಚೇರ್ಯಾಗಿನ ದಪ್ತರ ಬದಲಾಗತೈತೇನು?" ಎಂದರು ಅಜ್ಜ.

ಎರಡನೆಯ ಸಲ ಹುಡುಗಿ 1000, 1004 ಎಂದು ಬರೆದ ಎರಡು ಚೀಟಿ ಕೊಟ್ಟಳು. ಈ ಸಲ ಅಜ್ಜಿ ಎದ್ದು ಪಡಸಾಲೆಗೇ ಬಂದರು. ಒಂದು ಡಬ್ಬಿಯದ್ದನ್ನು ಖಾಲಿ ಬಟ್ಟಲಿಗೆ ಸುರಿದು, ಎರಡನೆಯದ್ದನ್ನು ಮೊದಲನೆಯದಕ್ಕೆ ಹಾಕಿ, ಬಟ್ಟಲಿನದನ್ನು ಎರಡನೆಯದಕ್ಕೆ ಸುರಿದರು. ಆ ಬಟ್ಟಲೇ ಪುಸ್ತಕದಲ್ಲಿ ಬರುವ ಮೂರನೆಯ ಹೆಸರು. ಸ್ಕ್ಯಾನೆಫ್‌ನಲ್ಲಿ ಅಂಕಿಯ ಹೆಸರಿನ ಹಿಂದೆ & ಯಾಕೆ ಹಾಕುತ್ತೇವೆ ಎಂಬುದಕ್ಕೂ ಉತ್ತರ ಇಲ್ಲೇ ಸಿಕ್ಕಿತು: ತಂದದ್ದನ್ನು ಎಲ್ಲಿ ಇಡಬೇಕು ಎಂದು ಹೇಳಬೇಕಲ್ಲ! ಪ್ರಿಂಟೆಫ್‌ಗೆ ಬರೀ ಅಂಕಿ ತೋರಿಸಲು ಅದು ಬೇಡ.

ಇನ್ನು ಚೀಟಿಗೆ 1 ಕೂಡಿಸುವ ವಿಚಾರ. 1000ಕ್ಕೆ 1 ಕೂಡಿಸಿದರೆ 1001 ಆಗಬೇಕು, ಪುಸ್ತಕದಲ್ಲಿ 1004 ಎಂದಿದೆ. ಅಚ್ಚಿನ ತಪ್ಪೇ ಎಂದು ಹುಡುಗಿ ಕೇಳಿದ್ದಳು. ಅಲ್ಲ. ದ್ರಾಕ್ಷಿ ಪಡದಲ್ಲಿ ಗಿಡದಿಂದ ಗಿಡಕ್ಕೆ 5 ಅಡಿ ಬಿಟ್ಟಿದ್ದರೆ, "ಮುಂದಿನ ಗಿಡಕ್ಕೆ ಹೋಗು" ಎಂದಾಗ ಯಾರೂ ಒಂದಡಿ ನಡೆದು ನಿಲ್ಲುವುದಿಲ್ಲ. ಈಗಿನ ಹೆಚ್ಚಿನ ಕಂಪ್ಯೂಟರುಗಳಲ್ಲಿ ಒಂದು ಇಂಟ್‌ಗೆ 4 ಗೂಡು, ಅಂದರೆ 4 ಬೈಟ್ ಬೇಕು. ಹಾಗಾಗಿ ಮುಂದಿನ ಇಂಟ್ 1004ರಲ್ಲಿ.

ಅಪಾಯವೂ ಇದೆ. ಏನನ್ನೂ ಬರೆಯದ ಚೀಟಿ ಹಿಡಿದು "ಅಲ್ಲಿಗೆ ಹೋಗು" ಎಂದರೆ ಅದರಲ್ಲಿ ಹಳೆಯ ಗೀಚು ಏನಿರುತ್ತದೋ ಅಲ್ಲಿಗೇ ಹೋಗುತ್ತದೆ. ಅದೃಷ್ಟವಿದ್ದರೆ ಸೆಗ್ಮೆಂಟೇಶನ್ ಫಾಲ್ಟ್ ಎಂದು ನಿಂತುಬಿಡುತ್ತದೆ. ಅದೃಷ್ಟವಿಲ್ಲದಿದ್ದರೆ ಬೇರೆಯವರ ಡಬ್ಬಿ ಕಲಕಿ ಸುಮ್ಮನಿರುತ್ತದೆ. ತಪ್ಪು ತಿಳಿಯುವುದು ಎಷ್ಟೋ ಹೊತ್ತಿನ ಮೇಲೆ. ಅದಕ್ಕೇ ಸದ್ಯಕ್ಕೆ ವಿಳಾಸವಿಲ್ಲದ ಚೀಟಿಯಲ್ಲಿ ನಲ್ ಎಂದು ಬರೆದಿಡುವುದು, ಹೋಗುವ ಮೊದಲು ನಲ್ ಅಲ್ಲವೇ ಎಂದು ನೋಡುವುದು. ಮಾರಿದ ಹೊಲದ ಹಳೆಯ ಉತಾರ ಹಿಡಿದು ಬಿತ್ತಲು ಹೋದರೆ ಏನಾಗುತ್ತದೆ ಎಂದು ಅಜ್ಜಂದಿರನ್ನೇ ಕೇಳಿ. ಫ್ರೀ ಮಾಡಿದ ಮೆಮೊರಿಯ ವಿಳಾಸ ಇಟ್ಟುಕೊಂಡವರ ಗತಿಯೂ ಅದೇ.

ಹುಡುಗಿ ಈಗ ಪ್ರತಿ ಲೆಕ್ಕಕ್ಕೂ ಮೊದಲು ಡಬ್ಬಿ, ಚೀಟಿ, ಬಾಣದ ಚಿತ್ರ ಬರೆಯುತ್ತಾಳೆ. ಪರೀಕ್ಷೆ ಮುಂದಿನ ತಿಂಗಳು. ಬಿಡುವ ಮಾತು ಸದ್ಯಕ್ಕೆ ಆಡುತ್ತಿಲ್ಲ.

ನಿಮಗೊಂದು ಲೆಕ್ಕ. ಸಾಲಾಗಿ ಐದು ಡಬ್ಬಿ: 1000, 1004, 1008, 1012, 1016. ಒಳಗೆ 3, 8, 5, 9, 2 ಒಣದ್ರಾಕ್ಷಿ. ಚೀಟಿಯಲ್ಲಿ 1004 ಇದೆ.

ಚೀಟಿ = ಚೀಟಿ + 2;
*ಚೀಟಿ = *ಚೀಟಿ + 1;
ಚೀಟಿ = ಚೀಟಿ - 1;

ಈಗ *ಚೀಟಿ + 1 ಎಷ್ಟು? *(ಚೀಟಿ + 1) ಎಷ್ಟು? ಎರಡೂ ಒಂದೇ ಅಲ್ಲ, ಎಚ್ಚರ. ಮೊದಲು ಡಬ್ಬಿ ಇಟ್ಟು ಆಡಿ, ಆಮೇಲೆ ಬರೆಯಿರಿ. ಉತ್ತರ ಮುಂದಿನ ವಾರ. ಲೆಕ್ಕ ಮುಗಿಯುವ ಮೊದಲೇ ತಮ್ಮನೋ ತಂಗಿಯೋ ಒಣದ್ರಾಕ್ಷಿ ತಿಂದರೆ ಉತ್ತರ ತಪ್ಪಿದ್ದಕ್ಕೆ ನಾನು ಹೊಣೆಯಲ್ಲ.